ಬುರುಗಿಗೆ ಜ್ವರ

ಶಿವರಾತ್ರಿ ಕಳೆದು ಮೂರನೇ ದಿನ
ಬಿಸಿಮುದ್ದೆಯ ಮೇಲೆ ಒಂದು ಬಿಳಿ ಎಳೆ.
ಶಿಡ್ಲಘಟ್ಟದಲ್ಲಿ ತಟ್ಟೆಯೊಳಗೆ ಎಳೆ ಸಿಕ್ಕರೆ
ಯಾರೂ ಕೂದಲು ಅನ್ನುವುದಿಲ್ಲ.
ಬೆರಳಿಗೆ ಸುತ್ತಿ ಎಳೆದೆ,
ಅಂಗುಲಕ್ಕೇ ಮುಗಿದುಹೋಯಿತು.
ರೇಷ್ಮೆ ಹಾಗೆ ಮುಗಿಯುವುದಲ್ಲ.

ಮೂಲೆಯಲ್ಲಿ ಮೊಲ, ಬುರುಗು,
ಗೂಡಿನ ಬುಟ್ಟಿ ಮಗುಚಿದ ಮನೆಯೊಳಗೆ.
ಮೂಗಿನಿಂದ ಕತ್ತಿನವರೆಗೆ ಹೊಸದು,
ಕತ್ತಿನಿಂದಾಚೆ ಹಳೆಯದು,
ನಡುವೆ ಒಂದು ಗೆರೆ,
ಅರ್ಧ ಸುಣ್ಣ ಬಳಿದು
ಮುಂಗಡ ಇಸಿದುಕೊಂಡು ಹೋದವನ ಗೋಡೆಯ ಹಾಗೆ.

ಸಾಯುತ್ತಾ ಅಮ್ಮ, ಅಂದಳು ಇಂಚರ.
ಜ್ವರ ಕಣೆ, ಅಂದೆ.
ಅಪ್ಪನ ಮನೆಯಲ್ಲಿ ಹುಳು ಸಾಕಿದವಳು ನಾನು.
ಸೊಪ್ಪು ಬಿಟ್ಟು, ತಲೆ ಎತ್ತಿ,
ಹುಳು ಕಲ್ಲಾಗಿ ಕೂತರೆ ಅದಕ್ಕೆ ಜ್ವರ ಅನ್ನುತ್ತೇವೆ.
ಮೈ ಸುಡುವುದಿಲ್ಲ, ಬರೀ ಅಂಗಿ ಬದಲು.
ನಾಲ್ಕು ಜ್ವರ ಎದ್ದರೆ ಹುಳು ಹಣ್ಣು.
ಮೊಲಕ್ಕೆ ಎಷ್ಟು ಅಂತ
ನನಗೂ ಯಾರೂ ಹೇಳಿರಲಿಲ್ಲ.

ಪಶು ಆಸ್ಪತ್ರೆಯ ಕಾಂಪೌಂಡರ್ ಪಿಳ್ಳಪ್ಪ
ಎಮ್ಮೆಯ ಬಾಲದ ಹಿಂದಿನಿಂದಲೇ ಕೇಳಿದ:
ಹುಣ್ಣಿದೆಯಾ? ಹೊಟ್ಟು ಉದುರುತ್ತಾ? ಇಲ್ಲವಲ್ಲ,
ಹಾಗಾದರೆ ಕಾಲದ್ದು. ವರ್ಷಕ್ಕೆ ದೊಡ್ಡದು ಎರಡು ಸಲ.
ನೀರು ಹುಯ್ಯಬೇಡ. ಸೀರಣಿಗೆ ಹಾಕಬೇಡ,
ಚರ್ಮ ಈರುಳ್ಳಿ ಸಿಪ್ಪೆ.
ಅಂಗೈ ಒದ್ದೆ ಮಾಡಿಕೊಂಡು ಸವರು, ಸಾಕು.
ನೆಕ್ಕಿ ನೆಕ್ಕಿ ನುಂಗುತ್ತೆ,
ಬೆಕ್ಕಿನ ಹಾಗೆ ಕಕ್ಕೋಕೆ ಬರಲ್ಲ ಅದಕ್ಕೆ;
ಒಳಗೆ ಹೋಗೋ ದಾರಿ ಕೊಟ್ಟ ದೇವರು
ವಾಪಸ್ಸು ದಾರಿ ಮರೆತ.
ಒಣಹುಲ್ಲು ತಪ್ಪಿಸಬೇಡ. ಹಿಕ್ಕೆ ನೋಡ್ತಿರು.
ತಿನ್ನೋದು, ಹಿಕ್ಕೆ ಹಾಕೋದು ನಿಂತರೆ
ನಡುರಾತ್ರಿಯಾದರೂ ಬಾ.

ನೋಡಿದೆವು.
ಒಂದು ಬೆಳಿಗ್ಗೆ ಹಿಕ್ಕೆಗಳು
ಕೂದಲಲ್ಲಿ ಪೋಣಿಸಿಕೊಂಡು ಸರವಾಗಿ ಬಿದ್ದಿದ್ದವು.
ಜಪಮಾಲೆ! ನಕ್ಕಳು ಮಗಳು.
ನಾನು ನಗದೆ
ಹಿಪ್ಪುನೇರಳೆ ಸೊಪ್ಪು ಕಡಿಮೆ ಮಾಡಿ ಹುಲ್ಲು ಸುರಿದೆ.

ಸವರುವುದು ಮಾತ್ರ ನನಗೇ ಸರಿ.
ಹದಿನಾಲ್ಕು ವರ್ಷ ಬಿಸಿನೀರಲ್ಲಿ
ಗೂಡಿನ ತುದಿ ಹುಡುಕಿದ ಬೆರಳು,
ಸುಲಿದು, ಬಿರಿದು, ಮತ್ತೆ ಸುಲಿದದ್ದು.
ಒಂದು ಸಲ ಬೆನ್ನ ಮೇಲೆ ಎಳೆದರೆ
ಸಿಬಿರುಸಿಬಿರಿಗೂ ತುಪ್ಪಳ ಅಂಟಿ ಬರುತ್ತಿತ್ತು.
ಬುರುಗು ಕಣ್ಣು ಮುಚ್ಚಿ ಹಲ್ಲು ಮೆಲ್ಲಗೆ ಕಡಿಯಿತು,
ಸುಖಕ್ಕೆ ಹಾಗೆ ಕಡಿಯುತ್ತದಂತೆ.
ಅದಕ್ಕೆ ಗೊತ್ತು ತನ್ನದು ಯಾವಾಗ ನಿಲ್ಲುತ್ತದೆಂದು.
ನನ್ನ ಕೈಗೆ ಕಾಲವೆಂಬುದಿಲ್ಲ.

ಉದುರಿದ್ದೆಲ್ಲ ಕೂಡಿಸಿದರೆ ಇನ್ನೊಂದು ಮೊಲ.
ಕೂದಲಿಗೆ ಸ್ಟೀಲ್ ಲೋಟ ಕೊಡುವ ನರಸಕ್ಕ
ಚೀಲಕ್ಕೆ ಕೈ ಹಾಕಿ, ಮೂಸಿ,
ಯಾರದಮ್ಮಾ ಇದು, ಇಷ್ಟು ಬೇಗ ನರೆತಿದ್ದು, ಅಂದಳು.
ಹೇಳಿದ ಮೇಲೆ
ಬಾಗಿಲಲ್ಲೇ ಕೂತು ಸೀನಿ ಸೀನಿ ನಕ್ಕಳು.
ಲೋಟ ಕೊಡಲಿಲ್ಲ.

ಯುಗಾದಿಯ ಹೊತ್ತಿಗೆ ಗೆರೆ ಬಾಲಕ್ಕಿಳಿದು ಮಾಯವಾಯಿತು.
ಮತ್ತೆ ದಸರಾಕ್ಕೆ ಶುರು, ಸರಿ.
ಕಾರ್ತಿಕ ಮುಗಿದರೂ ನಿಲ್ಲಲಿಲ್ಲ. ಧನುರ್ಮಾಸ ಬಂತು,
ಮಂಜಿನಲ್ಲೂ ಉದುರಿಸುತ್ತಲೇ ಇತ್ತು.
ಪಿಳ್ಳಪ್ಪ ತಲೆ ಕೆರೆದುಕೊಂಡು ಕೇಳಿದ:
ರಾತ್ರಿ ದೀಪ ಆರಿಸ್ತೀರಾ?

ಎಲ್ಲಿ ಆರಿಸುವುದು?
ಹನ್ನೊಂದರವರೆಗೆ ಗೂಡು ಆರಿಸುವ ಕೆಲಸ,
ನಾಲ್ಕಕ್ಕೆ ಮತ್ತೆ ಒಲೆ.
ಅದು ಪಂಚಾಂಗ ಓದುವುದು ಬೆಳಕಲ್ಲಂತೆ,
ಹಗಲಿನ ಉದ್ದ ಅಳೆದು ಅಂಗಿ ಹೊಲಿಯುತ್ತದಂತೆ.
ನಮ್ಮ ಟ್ಯೂಬ್‌ಲೈಟು
ಅದಕ್ಕೆ ವರ್ಷವಿಡೀ ಬೇಸಿಗೆಯೆಂದು ಸುಳ್ಳು ಹೇಳಿತ್ತು.

ಆ ಸಂಜೆ ದೀಪ ಹಚ್ಚುವ ಮೊದಲು
ಬುಟ್ಟಿಯನ್ನು ಒಳಮನೆಗೆ ಒಯ್ದೆ,
ಕಿಟಕಿಗೆ ಗೋಣಿತಾಟು ಕಟ್ಟಿ ಬಾಗಿಲೆಳೆದೆ.
ಒಳಗೆ ಸರಿಯಾದ ತಿಂಗಳು.
ಈಚೆ ನಾನು ಸ್ವಿಚ್ಚು ಒತ್ತಿದೆ,
ನೀರು ಕುದಿಯುತ್ತಿತ್ತು.