ಉಪ್ಪುನೀರು

ಇಶಾ ನಮಾಜು ಮುಗಿದರೂ ದಾವಣಗೆರೆಯ ಭಟ್ಟಿಸಾಲಿನಲ್ಲಿ ಬೆಂಕಿ ಆರಿರಲಿಲ್ಲ.
ಮಸೀದಿಯ ಅಂಗಳಕ್ಕೆ ಸುಣ್ಣದ ಗೆರೆ ಬಿದ್ದದ್ದು ಅವತ್ತೇ.
ವಜೂ ಮಾಡುವ ನಲ್ಲಿಗಳಲ್ಲಿ
ನಾಲ್ಕು ಅವರಿಗೆ, ಮೂರು ನಮಗೆ.

ಜರಡಿ ಹಿಡಿದವನು ಫಕ್ರುದ್ದೀನ್ ಮುನ್ಷಿಯವರನ್ನು ಕೇಳಿದೆ:
ಮದೀನಾದಲ್ಲಿ ಮೊದಲ ಕಲ್ಲು ಎಸೆದವರು ಯಾರು?
ಪ್ರವಾದಿಯವರನ್ನು ಕಣ್ಣಾರೆ ಕಂಡವರು,
ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲಲ್ಲಿ ನಿಂತವರು,
ಕಾಲು ಶತಮಾನ ತುಂಬುವ ಮೊದಲೇ, ಹೇಗೆ?

ಅವರು ಮಾತಾಡಲಿಲ್ಲ.
ಕಾದ ಮರಳಿಗೆ ಅಬ್ಬು ಅಕ್ಕಿ ಚೆಲ್ಲಿದರು.
ಚಿಟಪಟ. ರೆಪ್ಪೆ ಬಡಿಯುವುದರೊಳಗೆ
ಬಾಂಡಲಿ ತುಂಬ ಮಂಡಕ್ಕಿ.

'ಇದನ್ನು ಅರಳಿಸಿದ್ದು ಯಾರು?'
'ಮರಳು' ಅಂದೆ.
'ಮರಳಿಗೆ ಬಂದದ್ದು ಈಗ.
ಭತ್ತ ನೆನೆದದ್ದು ಯಾವತ್ತು? ಬೆಂದದ್ದು?
ಉಪ್ಪುನೀರು ಕುಡಿದದ್ದು
ಯಾರೂ ನೋಡದ ಹೊತ್ತಲ್ಲಪ್ಪ.'

ಆಮೇಲೆ ದನಿ ತಗ್ಗಿಸಿ ಹೇಳುತ್ತ ಹೋದರು.
ಗೆದ್ದ ನಾಡುಗಳಿಂದ ಒಂಟೆಗಟ್ಟಲೆ ಬಂದ ಸಂಪತ್ತು.
ಮೊದಲು ಬಂದವರಿಗೆ ಎಷ್ಟು ಪಾಲು, ತಡವಾಗಿ ಬಂದವರಿಗೆ ಎಷ್ಟು.
ಕೂಫಾದ ದಂಡಿನ ಬಿಡಾರದಲ್ಲಿ ಗುಸುಗುಸು:
ಸುಬೇದಾರಿಕೆಯೆಲ್ಲ ಒಂದೇ ಮನೆತನಕ್ಕೆ ಯಾಕೆ?
ಒಂದು ಕಾಗದ. ಮೊಹರು ಖಲೀಫರದು,
ಬರೆದ ಕೈ ಯಾರದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ.
ವೃದ್ಧರ ಮನೆಗೆ ನೀರು ನಿಲ್ಲಿಸಿದರು.
ಓದುತ್ತಿದ್ದ ಪುಟದ ಮೇಲೆ ನೆತ್ತರು ಬಿತ್ತು.
ಆ ನೆತ್ತರಿಗೆ ನ್ಯಾಯ ಮೊದಲೋ, ನಾಡು ನೆಲೆ ನಿಲ್ಲುವುದು ಮೊದಲೋ?
'ಎರಡು ಮಾತೂ ಸರಿಯಾಗಿದ್ದವು, ಅದೇ ಕಷ್ಟ ನೋಡು.'
ಸಿಫ್ಫೀನಿನಲ್ಲಿ ಭರ್ಜಿಯ ತುದಿಗೆ ಕುರ್‌ಆನಿನ ಹಾಳೆ ಕಟ್ಟಿ ಎತ್ತಿದಾಗ
ಹಾಳೆಗೇನು ಗೊತ್ತು, ಬೀಸುವ ಗಾಳಿ ಯಾರ ಕಡೆಯದೆಂದು.

ಹೊಟ್ಟಿನ ಹೊಗೆಗೆ ಕಣ್ಣು ಉರಿಯಿತು.
ನಮ್ಮದನ್ನೂ ಎಣಿಸಿದೆ, ಸುಮ್ಮನೆ:
ಮಳಿಗೆ ಬಾಡಿಗೆಯ ವಸೂಲಿ ಬುಡೇನ್ ಸಾಬರು ಅಳಿಯನಿಗೆ ವಹಿಸಿದ್ದು,
ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆ ಕಾಣದಾದದ್ದು,
ರಂಜಾನಿನ ಗಂಜಿ ಕೊನೇ ಓಣಿಗೆ ಮುಟ್ಟುವಷ್ಟರಲ್ಲಿ
ಬರೀ ತಿಳಿಯಾಗಿ ಉಳಿಯುವುದು,
ಅದೂ ಹದಿನಾಲ್ಕು ವರ್ಷದಿಂದ.
ನಿನ್ನೆ ಚಪ್ಪಲಿ ತೂರಿದ ಇನಾಯತ್‌ನನ್ನಷ್ಟೇ
ಪೊಲೀಸರು ಕರೆದೊಯ್ದರು.

ಮುನ್ಷಿ ಎದ್ದರು. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು
ಏನೂ ಹೇಳದೆ ಕತ್ತಲಿಗೆ ಇಳಿದರು.
ಯಾವ ಕಡೆಯ ಬಾಗಿಲಿಂದ ಒಳಹೋದರೋ, ನೋಡಲಿಲ್ಲ.

ನಾಳೆಯ ಅಕ್ಕಿಗೆ ಉಪ್ಪು ಕಲಸೆಂದರು ಅಬ್ಬು.
ಹುಟ್ಟಿದಾಗಿನಿಂದ ಕಲಸಿದ ಕೈ.
ಎಷ್ಟು ಹಾಕಲಿ ಅಂತ ಕೇಳಿದೆ,
ಮೊದಲ ಸಲ.