ತೊಟ್ಟು

ಡಿಕನ್ಸನ್ ರಸ್ತೆಯ ಅಂಗಡಿಯಲ್ಲಿ ಹುಡುಗ
ಕಪ್ಪು ಮಖಮಲ್ಲಿನ ತಟ್ಟೆ ಎಳೆದು
‘ಇದು ಪೇರ್ ಶೇಪು ಮೇಡಂ’ ಅಂದ.
ಜೊತೆಗೆ ಬಂದ ಅಂಬಕ್ಕ, ನವಲಗುಂದದವಳು,
‘ಪೇರಲ ಹಣ್ಣು ಹಿಂಗ ಎಲ್ಲಿರ್ತೈತಿ?’ ಅಂತ
ಕನ್ನಡಕ ಏರಿಸಿದಳು.
ಪೇರಲ ಅಲ್ಲಕ್ಕ, ಅದು ನಮ್ಮ ಸೀಬೆ.
ಇದು ಮರಸೇಬು. ರಸೆಲ್ ಮಾರ್ಕೆಟ್ಟಿನಲ್ಲಿ
ಕಾಗದದ ಚೂರಿನ ಮೇಲೆ ಕೂರಿಸಿರ್ತಾರಲ್ಲ,
ಸೊಂಟ ಇರೋ ಹಣ್ಣು.
ಹುಡುಗ ನಗಲಿಲ್ಲ. ತರಬೇತಿ ಆಗಿತ್ತು ಅವನಿಗೆ.

ಹನ್ನೊಂದು ಉಂಗುರ.
ಒಂದೊಂದನ್ನೂ ಎಡಗೈಯ ಅನಾಮಿಕಕ್ಕೆ
ತೊಟ್ಟು ತೆಗೆದೆ, ತೊಟ್ಟು ತೆಗೆದೆ.
ಹೆಸರೇ ಇಲ್ಲದ ಬೆರಳಿಗೆ ಎಷ್ಟೊಂದು ಉಪಚಾರ!
ನಲವತ್ನಾಲ್ಕು ವರ್ಷ ಅದು
ಪಕ್ಕದವರು ಬಾಗಿದಾಗ ಬಾಗಿ
ಎದ್ದಾಗ ಎದ್ದದ್ದಷ್ಟೇ.

‘ಚೂಪು ತುದಿ ತುಂಬ ನಾಜೂಕು ಮೇಡಂ,
ಬೇಗ ಮುಕ್ಕಾಗುತ್ತೆ, ಅದಕ್ಕೇ ಅಲ್ಲೊಂದು
ಚಿನ್ನದ ಕೊಕ್ಕೆ.’
ಲೋಕದಲ್ಲೆಲ್ಲ ಗಟ್ಟಿ ಅನ್ನಿಸಿಕೊಂಡದ್ದಕ್ಕೆ
ಊರುಗೋಲು.

ನಾನು ರಕ್ತ ತೆಗೆಯುವವಳು.
ರಾಜಾಜಿನಗರದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ,
ಬೆಳಗ್ಗೆ ಆರಕ್ಕೇ ಖಾಲಿ ಹೊಟ್ಟೆಯವರ ಸಾಲು.
ಮುಷ್ಟಿ ಬಿಗಿಹಿಡೀರಿ. ಈಗ ಬಿಡಿ.
ದಿನಕ್ಕೆ ಎಪ್ಪತ್ತು ಸಲ ಇದೇ ಮಾತು.
ಸೂಜಿಯ ಬಾಯಲ್ಲಿ ಒಂದು ತೊಟ್ಟು ಕಟ್ಟಿಕೊಳ್ಳುವುದನ್ನು
ನಾನು ನೋಡಿದಷ್ಟು ಯಾವ ಅಕ್ಕಸಾಲಿ ನೋಡಿದ್ದಾನು?
ಚಿತ್ರ ಬರೆಯುವವರು ಸುಳ್ಳು ಹೇಳುತ್ತಾರೆ.
ಬೀಳುವ ಹನಿಗೆ ಬಾಲ ಇರುವುದಿಲ್ಲ,
ಅದು ದುಂಡಗೆ ಬೀಳುತ್ತದೆ.
ಈ ಆಕಾರ ಒಂದೇ ಗಳಿಗೆಯದು:
ಬಿಡಬೇಕು, ಇನ್ನೂ ಬಿಟ್ಟಿಲ್ಲ,
ಕುತ್ತಿಗೆ ಸಣ್ಣಗಾಗುತ್ತಾ
ಆಗುತ್ತಾ.
ಆ ಗಳಿಗೆಯನ್ನು ಯಾರೋ ಸೂರತ್ತಿನಲ್ಲಿ ಕೂತು
ಸಾಣೆ ಹಿಡಿದು ನಿಲ್ಲಿಸಿದ್ದಾರೆ.

ಗುರುಮಲ್ಲ ಬರಲಿಲ್ಲ. ಯಶವಂತಪುರದಲ್ಲಿ
ಹದಿನಾಲ್ಕಕ್ಕೂ ಹದಿನೈದಕ್ಕೂ ನಡುವೆ ಲಿಫ್ಟು ನಿಂತಿದೆ,
ಒಳಗೊಬ್ಬ ಅಜ್ಜಿ, ಒಂದು ನಾಯಿ.
ಅವನಿಗೆ ಉಂಗುರ ಸೇರದು. ಕೆಲಸ ಕಲಿಸಿದ ಗುರುವಿನ ಬೆರಳು
ಉಂಗುರದ ಸಮೇತ ಹಗ್ಗಕ್ಕೆ ಸಿಕ್ಕಿ ಹೋದದ್ದನ್ನು
ಎದುರಿಗೇ ನಿಂತು ನೋಡಿದವನು.
‘ನೀನು ತಗೋ. ನಂಗೊಂದು ಒಳ್ಳೇ ಟಾರ್ಚು ಕೊಡ್ಸು’ ಅಂದಿದ್ದ.
ನಾನೂ ಕೈಗವಸಿನವಳೇ. ತುದಿ ತಾಗಿದರೆ ರಬ್ಬರು ಹರಿಯುತ್ತೆ.
ಅಂದರೆ ಭಾನುವಾರ ಮಾತ್ರ.
ಭಾನುವಾರಗಳಿಗೋಸ್ಕರ ಒಂದು ಲಕ್ಷದ ಹದಿನೆಂಟು ಸಾವಿರ,
ಚೀಟಿ ಎತ್ತಿದ ದುಡ್ಡು, ನನ್ನದೇ.

ಏಳನೆಯದರ ಹೊಟ್ಟೆಯಲ್ಲಿ ಅಡ್ಡಕ್ಕೊಂದು ನೆರಳಿತ್ತು,
ಪತಂಗ ರೆಕ್ಕೆ ಬಿಚ್ಚಿ ಕೂತ ಹಾಗೆ.
ಹುಡುಗ ಅದನ್ನು ಬೇಗ ಸರಿಸಿದ.
‘ಬೇಡ ಮೇಡಂ, ಬೆಳಕು ನಿಲ್ಲಲ್ಲ ಇದರಲ್ಲಿ.’
ಅಂಬಕ್ಕ ದನಿ ತಗ್ಗಿಸಿ, ‘ದೋಷ ಇದ್ದದ್ದು ಮನೀಗೆ ಬ್ಯಾಡ.
ಯಾವುದರ ಇರ್ಲಿ, ದಿಂಬಿನ ಕೆಳಗ ಮೂರು ರಾತ್ರಿ ಇಟ್ಟು ನೋಡು,
ಆಗಿಬರಬೇಕು’ ಅಂದಳು.
ದಿಂಬಿನ ಮೇಲೇ ಆರು ವರ್ಷ ಇಟ್ಟು ನೋಡಿದ್ದೆ
ಒಬ್ಬನನ್ನು, ಅಕ್ಕ. ದೋಷವಿಲ್ಲದವನು,
ಜಾತಕದ ಪ್ರಕಾರ.

ಎದ್ದು ಬಾಗಿಲಿಗೆ ಹೋದೆ. ಕಾವಲಿನವನೂ ಎದ್ದ.
ಅಂಗಡಿಯ ದೀಪಕ್ಕೆ ಎಲ್ಲವೂ ಮಿಂಚುತ್ತವೆ,
ಮೂರು ಗಂಟೆಯ ಮೋಡದ ಬೆಳಕು ಹಾಗಲ್ಲ.
ಕೈ ಓರೆ ಮಾಡಿದರೆ ರೆಕ್ಕೆ ಮುಚ್ಚಿತು,
ನೆಟ್ಟಗೆ ಮಾಡಿದರೆ ಬಿಚ್ಚಿತು.
ಕಣ್ಣಿಗೆ ಕಾಣದ ನರವನ್ನು
ಬೆರಳಲ್ಲೇ ಒತ್ತಿ ಒತ್ತಿ ಹುಡುಕುತ್ತೇವಲ್ಲ,
ಸಿಕ್ಕಾಗ ಒಂದು ಸಣ್ಣ ಪುಟಿತ. ಹಾಗಾಯಿತು.

‘ಇದೇ.’
‘ತುದಿ ಉಗುರಿನ ಕಡೆಗಾ ಮೇಡಂ? ಬೆರಳು ಉದ್ದ ಕಾಣುತ್ತೆ.’
‘ಹಣ್ಣಂದಮ್ಯಾಲ ತೊಟ್ಟು ಎತ್ತಾಗಿರಬೇಕು, ಹೇಳು?’ ಅಂದಳು ಅಂಬಕ್ಕ.
ತೊಟ್ಟು ನನ್ನ ಕಡೆಗಿರಲಿ.
ಕೈ ಇಳಿಬಿಟ್ಟರೆ ಅದು
ನನ್ನಿಂದಲೇ ತೂಗುತ್ತಿರಲಿ.

ಅಳತೆಗೆ ತರಲು ಗುರುವಾರದವರೆಗೆ ಟೈಮು ಬೇಕಂತೆ.
ರಸೀದಿ ಮಡಚಿ ಕುಪ್ಪಸದೊಳಗಿಟ್ಟು
ಮೆಟ್ರೋ ಕಡೆ ನಡೆದೆವು.
ಹೆಬ್ಬೆರಳು ಆಗಲೇ ಬರಿಬೆರಳ ಬುಡ ತಡವುತ್ತಿತ್ತು.
ಮೆಟ್ಟಿಲ ಹತ್ತಿರ ಫೋನು ಬಂತು.
‘ಇಬ್ರನ್ನೂ ಇಳಿಸ್ದೆ’ ಅಂದ, ಏದುಸಿರು,
‘ನಾಯಿ ಮೊದ್ಲು.’