ಕೊಸರು

ಮೊದಲು ತೂಕ, ಆಮೇಲೆ ಸೂಜಿ.
ಧಮಧೇರೆ ಕಾಕಾ ಇವತ್ತು ಅರವತ್ತೆರಡು ಕಿಲೋ ಮುನ್ನೂರು.
ಎರಡು ಕಿಲೋ ಎಂಟುನೂರು ಗ್ರಾಂ ನೀರು ಹೆಚ್ಚಿಗೆ.
"ನಿನ್ನೆ ಕಲ್ಲಂಗಡಿ ತಿಂದಿರೇನು?" ಅಂದರೆ
ಬೆಲ್ಲ ಕದ್ದ ಹುಡುಗನ ಹಾಗೆ ಛತ್ತು ನೋಡುತ್ತಾರೆ.
ನಾಲ್ಕು ತಾಸು ಮಷೀನು ತಿರುಗಿ, ಹೆಚ್ಚಿನದೆಲ್ಲ ಇಳಿದು
ಮನುಷ್ಯ ಎಷ್ಟು ಉಳಿಯುತ್ತಾನೋ ಅದಕ್ಕೆ
ನಮ್ಮ ವಾರ್ಡಿನಲ್ಲಿ ಒಣ ತೂಕ ಅನ್ನುತ್ತೇವೆ.
ಕಾಕಾನದು ಐವತ್ತೊಂಬತ್ತೂವರೆ.

ನನ್ನದೂ ಒಂದಿದೆ.
ಇಪ್ಪತ್ಮೂರು ಸಾವಿರದಲ್ಲಿ ಪಿಎಫ್ ಇಳಿದು,
ವಾರಜೆಯ ಖೋಲಿ ಬಾಡಿಗೆ ಇಳಿದು,
ಅವ್ವನ ಸಕ್ಕರೆ ಗುಳಿಗೆ, ಮಗಳ ಸ್ಕೂಲ್ ವ್ಯಾನು ಇಳಿದು
ಹನ್ನೊಂದನೇ ತಾರೀಖಿಗೆ ನಾನು ಹತ್ತಿ ನಿಂತರೆ
ಮುಳ್ಳು ಅಲುಗುವುದಿಲ್ಲ.

ಒಂಬತ್ತು ವರ್ಷ.
ಕೊಳವೆಯಲ್ಲಿ ರಕ್ತ ಹೆಪ್ಪಾಗುವ ಮುಂಚೆ
ಬಣ್ಣ ಒಂದು ಚೂರು ಕಪ್ಪಿಗೆ ವಾಲುತ್ತದೆ;
ಅಲಾರಮ್ಮಿಗಿಂತ ಮೊದಲು ನನಗೆ ಕಾಣುತ್ತದೆ.
ಆ ಒಂದು ಚೂರಿನ ರೇಟು ಎಷ್ಟೆಂದು
ಯಾರೂ ಕೇಳಿರಲಿಲ್ಲ.
ಯಾರೂ ಅಂದರೆ, ನಾನೂ.

ರಾತ್ರಿ ಮೋರಿಯ ಕನ್ನಡಿ ಮುಂದೆ ಮರಾಠಿಯಲ್ಲಿ
ಮೂವತ್ತೊಂದು ಅನ್ನುವುದನ್ನು ಕಲಿತೆ.
ಪ್ರತಿ ಸಲವೂ ನಾಲಿಗೆ ಇಪ್ಪತ್ತೇಳಕ್ಕೆ ಜಾರಿತು.
ಹೊರಗಿನಿಂದ ಮಗಳು:
"ಮಮ್ಮಿ, ಮಗ್ಗಿ ಬಾಯಿಪಾಠ ಮಾಡಾಕತ್ತೀ ಏನ?"

ನಾಲ್ಕನೇ ಮಜಲು. ಪರಾಂಜಪೆ ಮೇಡಂ.
ಇಪ್ಪತ್ತೈದು ಕೊಡುತ್ತೇವೆ ಸಾವಂತ್ರಿ,
ಬ್ಯಾಜಿನ ಮೇಲೆ ಸೀನಿಯರ್ ಅಂತಲೂ ಬರುತ್ತದೆ.
(ಸೀನಿಯರ್ ತಗೊಂಡು ಕಿರಾಣಿಯವ ಎಣ್ಣೆ ಕೊಡುವುದಿಲ್ಲ.
ಇದನ್ನು ನಾನು ಅನ್ನಲಿಲ್ಲ.)
ಅಂದದ್ದು, "ಮೂವತ್ತೊಂದು."
ಅಂದು, ಬಸ್‌ಸ್ಟಾಪಿನ ಕಾಂತಾಬಾಯಿ ಮಾಡುವುದನ್ನೇ ಮಾಡಿದೆ.
ಆಕೆ ಬೆಲೆ ಹೇಳಿದ ಮೇಲೆ ಮಾತಾಡುವುದಿಲ್ಲ,
ಮೆಂತ್ಯದ ಕಟ್ಟಿನಿಂದ ಹಳದಿ ಎಲೆ ಕೀಳುತ್ತ ಕೂಡುತ್ತಾಳೆ.
ನಾನು ತೋಳಿನ ಮೇಲಿನ ಬೆಟಾಡಿನ್ ಕಲೆ ನೋಡುತ್ತ ಕೂತೆ.
ಪಂಪಿನ ಸುತ್ತು ಎಣಿಸಿ ಎಣಿಸಿ ರೂಢಿ ಆಗಿದೆ.
ಮೇಡಂ ಬಾಯಿ ತೆರೆದಾಗ ಅರವತ್ತು ದಾಟಿತ್ತು.

ಬಜೆಟ್ಟು ಬಂತು. ಎಲ್ಲರಿಗೂ ಸಮ ಅನ್ನುವುದು ಬಂತು.
ಬಾಣೇರಿನ ಹೊಸ ಆಸ್ಪತ್ರೆಯವರು ಮೂವತ್ತು ಅಂದಿದ್ದಾರೆ ಅಂದೆ.
ಅವರು ಅಂದದ್ದು ಇಪ್ಪತ್ತೊಂಬತ್ತೂವರೆ;
ಅರ್ಧ ಸಾವಿರ ನನ್ನ ಕಡೆಯ ನೀರು.

ಇಪ್ಪತ್ತೆಂಟೂವರೆಗೆ ನಿಂತಿತು.
ನಾನು ಏಳಲಿಲ್ಲ.
ಪಗಾರ ಬಿಟ್ಟು ಉಳಿದದ್ದಕ್ಕೆ ಅವರು ಬೆನಿಫಿಟ್ಸ್ ಅನ್ನುತ್ತಾರೆ,
ಸಿಂದಗಿ ಸಂತೆಯಲ್ಲಿ ಅವ್ವ ಕೊಸರು ಅನ್ನುತ್ತಿದ್ದಳು.
ಕೊಸರು ಕೇಳದೆ ಎದ್ದವಳನ್ನು
ಅಂಗಡಿಯವನೇ ನಂಬುವುದಿಲ್ಲ.
ರಾತ್ರಿ ಹತ್ತರ ಮೇಲೆ ಪಾಳಿ ಮುಗಿದರೆ ಮನೆತನಕ ಗಾಡಿ: ಆಗಲಿ.
ಕಾಮಾಲೆಯ ಲಸಿಕೆ, ಆರು ತಿಂಗಳಿಗೊಮ್ಮೆ ನಮ್ಮದೂ ರಕ್ತಪರೀಕ್ಷೆ: ಸರಿ, ಆಗಲಿ.
ವಿಮೆಯಲ್ಲಿ ಅವ್ವನ ಹೆಸರು:
"ಬಘೂ ಯಾ."
ನೋಡೋಣ ಅಂತ ಅರ್ಥ. ಎರಡೂ ಭಾಷೆ ಬಲ್ಲವಳು ಹೇಳುತ್ತೇನೆ,
ಎರಡರಲ್ಲೂ ಅದು ಇಲ್ಲ ಅಂತಲೇ.
"ಬರೆದು ಕೊಡಿ" ಅಂದೆ, "ಆ ಬಘೂ ಯಾ ಕೂಡ, ತಾರೀಖು ಹಾಕಿ."
ಮೇಡಂ ನಕ್ಕರು. ಅವರ ಪೆನ್ನು ಮೂಡಲಿಲ್ಲ.
ತೂಕ ಬರೆಯುವ ನನ್ನ ಪೆನ್ನು ಕೊಟ್ಟೆ.
ಮಾರ್ಚ್ ಹದಿನೈದು, ಅಂತ ಬರೆದರು.
ಪೆನ್ನು ವಾಪಸು ಇಸಿದುಕೊಂಡೆ.

ಬಸ್ಸಿಳಿದಾಗ ದೀಪ ಹತ್ತಿತ್ತು.
ಕಾಂತಾಬಾಯಿ ಮೆಂತ್ಯಕ್ಕೆ ಇಪ್ಪತ್ತು ಅಂದಳು, ಸುಮ್ಮನಾದಳು.
ಗುರುವಿಗೇ ತಿರುಮಂತ್ರ ಯಾಕೆ, ಇಪ್ಪತ್ತೇ ಕೊಟ್ಟೆ.
ಚೀಲದ ಬಾಯಿ ಮಾತ್ರ ಮುಚ್ಚಲಿಲ್ಲ.
ತೆರೆದ ಚೀಲ ಹಿಡಿದು ಅಲ್ಲೇ ನಿಂತೆ,
ನಾನೂ ಮಾತಾಡದೆ,
ಕರಿಬೇವಿನ ಕಡ್ಡಿ ಒಳಗೆ ಬೀಳುವ ತನಕ.